ಸೂಪರ್‌ಹೀರೋ ಬಸ್ಸು ಹತ್ತಿದ ಕಥೆ

ಮನುಷ್ಯ ನಡೆಯುವ ರೀತಿ ನೋಡಿ ಅವನು ಎಲ್ಲಿ ಕೆಲಸ ಮಾಡುತ್ತಾನೆಂದು ಹೇಳಿಬಿಡಬಹುದು ಎಂಬುದು ನನ್ನ ಬಹುದಿನದ ನಂಬಿಕೆ. ಅನುಮಾನವಿದ್ದರೆ ಬೆಳಗಿನ ಹೊತ್ತು ದೆಹಲಿಯ ಯಾವುದಾದರೂ ಮೆಟ್ರೋ ನಿಲ್ದಾಣದಲ್ಲಿ ನಿಂತು ನೋಡಿ. ಎರಡೆರಡು ಮೆಟ್ಟಿಲು ಹಾರಿಕೊಂಡು ಹೋಗುವವರು ಖಾಸಗಿ ಕಂಪನಿಯವರು. ಫೋನಿನಲ್ಲಿ ಕೂಗಾಡುತ್ತಾ ಎದುರಿಗೆ ಬಂದವರಿಗೆಲ್ಲ ಡಿಕ್ಕಿ ಹೊಡೆಯುವವರು ಸ್ವಂತ ವ್ಯಾಪಾರದವರು. ಎಸ್ಕಲೇಟರಿನ ಒಂದು ಬದಿಗೆ ಅಂಟಿಕೊಂಡು, ಊಟದ ಡಬ್ಬಿಯ ಚೀಲವನ್ನು ಎದೆಗವಚಿಕೊಂಡು, ಅದು ಎಲ್ಲಿಗೆ ಮುಟ್ಟಿಸುತ್ತದೋ ಅಲ್ಲಿಗೆ ಮುಟ್ಟುವುದಷ್ಟೇ ತಮ್ಮ ಹೊಣೆ ಎಂಬಂತೆ ನಿಂತಿರುವವರು ಕೇಂದ್ರ ಸರ್ಕಾರದ ನೌಕರರು. ನಾನು ಈ ಮೂರನೆಯ ಪಂಗಡದವನು, ಒಂದು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್. ನನ್ನ ನಿಧಾನ ಎಂಥದ್ದೆಂದರೆ, ಹಾಲು ಉಕ್ಕುತ್ತಿದೆ ನೋಡಿ ಎಂದು ಹೆಂಡತಿ ವಾಣಿ ಕೂಗಿದರೆ, ನಾನು ಅಡುಗೆಮನೆ ತಲುಪುವಷ್ಟರಲ್ಲಿ ಅದು ಉಕ್ಕಿ, ಆರಿ, ಕಟ್ಟೆಯ ಮೇಲೆ ಕೆನೆ ಕಟ್ಟಿರುತ್ತದೆ. ಮನೆಯಲ್ಲಿ ಇದು ದೋಷ, ಕಚೇರಿಯಲ್ಲಿ ಇದೇ ಗುಣ. ನನ್ನ ಮೇಲಧಿಕಾರಿಗಳು ಇದನ್ನು ಗಾಂಭೀರ್ಯ ಎಂದು ಕರೆಯುತ್ತಾರೆ.

ಇಂಥ ನಾನು ಈ ಚಳಿಗಾಲದಲ್ಲಿ, ದೆಹಲಿಯ ಅಂಚಿಗಿರುವ ಇಂದಿರಾಪುರಂನ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಕ್ಲಬ್ ಹಾಲಿನಲ್ಲಿ, ನೆರೆಹೊರೆಯವರೆಲ್ಲ ಕಣ್ಣುಬಿಟ್ಟು ನೋಡುತ್ತಿರುವಾಗ, ಸೂಪರ್‌ಹೀರೋ ಆಗಿ ಒಂದು ಮಹಾನಗರವನ್ನು ಈ ತುದಿಯಿಂದ ಆ ತುದಿಗೆ ಹಾರಿ ದಾಟಿದ್ದೇನೆ ಎಂದರೆ ನೀವು ನಂಬಲಿಕ್ಕಿಲ್ಲ. ನಂಬದಿದ್ದರೆ ಡಿ ಟವರಿನ ಗುಪ್ತಾಜಿಯನ್ನು ಕೇಳಿ. ಅವರು ಬಾಯಿಬಿಟ್ಟು ಹೇಳಲಾರರು, ಆದರೆ ನನ್ನ ಹೆಸರೆತ್ತಿದಾಗ ಅವರ ಮುಖ ನೋಡಿದರೆ ಸಾಕು.

ವಿಷಯ ಶುರುವಾಗಿದ್ದು ಮಗಳಿಂದ. ಮೈತ್ರಿ ಕಾಲೇಜಿನ ಎರಡನೆಯ ವರ್ಷದಲ್ಲಿದ್ದಾಳೆ. ಹುಟ್ಟಿದ್ದು ದೆಹಲಿಯಲ್ಲಿ, ಮೊದಲ ಹೆಜ್ಜೆ ಇಟ್ಟಿದ್ದು ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನ ಅಂಗಳದಲ್ಲಿ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿ ಬೆರೆತೇ ಬರುತ್ತದೆ. ಚಿಕ್ಕವಳಿದ್ದಾಗ ಯಾವ ಭಾಷೆಯಲ್ಲಾದರೂ ಸರಿ, ಬಾಯಿಗೆ ಬಿಡುವೇ ಇರಲಿಲ್ಲ. ಕಾಲೇಜು ಸೇರಿದ ಮೇಲೆ ಅವಳ ಮಾತು ಸವೆಯುತ್ತಾ ಬಂದು ‘ಹೂಂ’, ‘ಅಚ್ಛಾ’ ಮತ್ತು ‘ದೇಖ್ತೇ ಹೈಂ’ ಎಂಬ ಮೂರಕ್ಕೆ ನಿಂತಿತ್ತು. ಬೆಳಿಗ್ಗೆ ನಾವಿಬ್ಬರೂ ಒಂದೇ ಇ-ರಿಕ್ಷಾದಲ್ಲಿ ವೈಶಾಲಿ ಮೆಟ್ರೋಗೆ ಹೋಗುತ್ತೇವೆ. ದಾರಿಯುದ್ದಕ್ಕೂ ಅವಳ ಕಿವಿಯಲ್ಲಿ ಇಯರ್‌ಫೋನು, ನನ್ನ ಮಡಿಲಲ್ಲಿ ಡಬ್ಬಿ. ಪ್ಲಾಟ್‌ಫಾರಂ ಮುಟ್ಟಿದ ಕೂಡಲೇ ಅವಳು ಕೈ ಬೀಸಿ ಮುಂದಿನ ಹೆಂಗಸರ ಬೋಗಿಗೆ ನಡೆದುಬಿಡುತ್ತಾಳೆ, ನಾನು ಸಾಮಾನ್ಯ ಬೋಗಿಯಲ್ಲಿ ನುಗ್ಗಾಡುತ್ತೇನೆ. ಹೆಣ್ಣುಮಗಳು ನೂಕುನುಗ್ಗಲಿಲ್ಲದೆ ಆರಾಮವಾಗಿ ಹೋಗಲಿ ಎಂದು ನಾನೇ ಹೇಳಿಕೊಟ್ಟ ಅಭ್ಯಾಸ ಅದು, ದೂರುವಂತಿಲ್ಲ. ಸಂಜೆ ಮನೆಗೆ ಬಂದರೆ ಅವಳು ಹಾಲಿನ ಸೋಫಾದಲ್ಲಿ ಟಿವಿಯ ಮುಂದೆ ವಿಡಿಯೋ ಗೇಮಿನ ಕಂಟ್ರೋಲರ್ ಹಿಡಿದು ಕೂತಿರುತ್ತಿದ್ದಳು. ನಮ್ಮ ಪಾಲಿಗೆ ಬತ್ತಿಹೋಗಿದ್ದ ಮಾತೆಲ್ಲ ಅಲ್ಲಿ ಆ ಪರದೆಯ ಮುಂದೆ, ಇಯರ್‌ಫೋನಿನ ಆಚೆಯ ಗೆಳತಿಯರ ಜೊತೆ, ಧಾರಾಳವಾಗಿ ಹರಿಯುತ್ತಿತ್ತು. ಸುತ್ತುಬಳಸು ಬೇಡ, ನೇರವಾಗಿ ಹೇಳುತ್ತೇನೆ: ನನಗೆ ಮಗಳ ಪಕ್ಕದಲ್ಲಿ ಕೂರಲು ಒಂದು ನೆಪ ಬೇಕಾಗಿತ್ತು. ಸೋಫಾದ ಮೇಲೆ ಇನ್ನೊಂದು ಕಂಟ್ರೋಲರ್ ಸುಮ್ಮನೆ ಬಿದ್ದಿತ್ತು. ಒಂದು ಸಂಜೆ ಅದನ್ನು ಎತ್ತಿಕೊಂಡು, ನನಗೂ ಹೇಳಿಕೊಡು ಎಂದೆ. ಅವಳು ಇಯರ್‌ಫೋನು ತೆಗೆದು ನನ್ನ ಮುಖವನ್ನೇ ನೋಡಿದಳು. ಆ ನೋಟಕ್ಕೇ ಅರ್ಧ ಗೆದ್ದಂತಾಯಿತು.

ಆಟದಲ್ಲಿ ಒಂದು ದೊಡ್ಡ ನಗರ. ಗಗನಚುಂಬಿ ಕಟ್ಟಡಗಳು, ಫ್ಲೈಓವರುಗಳು, ನದಿ, ಸೇತುವೆ, ಕಾರು ಬಸ್ಸುಗಳ ಓಡಾಟ. ಎಲ್ಲೋ ಒಬ್ಬ ದುಷ್ಟ ಏನೋ ಕಿತಾಪತಿ ನಡೆಸಿರುತ್ತಾನೆ. ನಮಗೆ ಬೇಕಾದ ಸೂಪರ್‌ಹೀರೋನನ್ನು ಆರಿಸಿಕೊಂಡು ಅಲ್ಲಿಗೆ ಹೋಗಿ ಅವನನ್ನು ಬಡಿಯಬೇಕು. ಬಡಿಯುವುದು ಆಮೇಲಿನ ಮಾತು, ನನಗೆ ಹೋಗುವುದೇ ಬರಲಿಲ್ಲ. ಮೊದಲ ದಿನ ನನ್ನ ಹೀರೋ ಫುಟ್‌ಪಾತಿನ ಮೇಲೆ ನಡೆದುಕೊಂಡು ಹೋದ. ಕೆಂಪು ದೀಪ ಬಂದಾಗ ನಿಂತ. ಹಸಿರು ಬಂದ ಮೇಲೆ, ಆ ಕಡೆ ಈ ಕಡೆ ನೋಡಿ, ಪಟ್ಟೆ ಬಳಿದ ಜಾಗದಲ್ಲೇ ರಸ್ತೆ ದಾಟಿದ. ಅತ್ತ ಊರು ಹೊತ್ತಿ ಉರಿಯುತ್ತಿತ್ತು. ಮೈತ್ರಿ ಸ್ವಲ್ಪ ಹೊತ್ತು ತಾಳಿಕೊಂಡು, ಇವನಿಗೆ ಪವರ್ ಇದೆ ಅಪ್ಪಾ, ಯೂಸ್ ಮಾಡಿ ಎಂದಳು. ಅಧಿಕಾರ ಇದ್ದಮಾತ್ರಕ್ಕೆ ಬಳಸಬೇಕೆಂದಿಲ್ಲ ಎಂದು ನಾನು ನನ್ನ ಸೇವಾನುಭವದಿಂದ ಹೇಳಿದೆ. ಅಡುಗೆಮನೆಯಲ್ಲಿ ವಾಣಿ ನಕ್ಕಿದ್ದು ಕೇಳಿಸಿತು.

ಮೈತ್ರಿಗೆ ಈ ಆಟಗಳ ಬಗ್ಗೆ ಒಂದು ಸಿದ್ಧಾಂತವಿದೆ. ಅದನ್ನು ಹೇಳುವಾಗ ಅವಳು ಕಾಲು ಮಡಚಿ, ಕಣ್ಣರಳಿಸಿ, ಚಿಕ್ಕಂದಿನಲ್ಲಿ ಶಾಲೆಯ ಸುದ್ದಿ ಹೇಳುತ್ತಿದ್ದ ಹಾಗೆಯೇ ಕೂರುತ್ತಾಳೆ. “ಫೈಟ್ ತೋ ಕೋಯೀ ಭೀ ಕರ್ ಲೇಗಾ, ಅಪ್ಪಾ. ಇಲ್ಲಿಂದ ಅಲ್ಲಿಗೆ ಹೋಗೋದರಲ್ಲೇ ಮಜಾ ಇಲ್ಲ ಅಂದ್ರೆ ಪೂರಾ ಗೇಮ್ ಬೇಕಾರ್.” ಹೊಡೆದಾಟಕ್ಕೆ ಗುಂಡಿ ಒತ್ತಿದರಾಯಿತು, ಅದರಲ್ಲೇನೂ ಹೆಚ್ಚುಗಾರಿಕೆ ಇಲ್ಲ. ಮೈಯ ಭಾರ ಗೊತ್ತಾಗಬೇಕು, ಬೀಳುವ ಭಯ ಇರಬೇಕು, ಬೀಳದೆ ಪಾರಾಗಿದ್ದು ನನ್ನ ಕೈಚಳಕದಿಂದಲೇ ಅನ್ನಿಸಬೇಕು. ಅದಿದ್ದರೆ ದುಷ್ಟನೇ ಇಲ್ಲದಿದ್ದರೂ ಆಟ ಆಟವೇ. ಅದಿಲ್ಲದ ಆಟಗಳೂ ಇವೆಯಂತೆ. ಹೀರೋಗೆ ಎಲ್ಲ ಶಕ್ತಿಯೂ ಇರುತ್ತದೆ, ಆದರೆ ಅವನನ್ನು ನಡೆಸುವುದೆಂದರೆ ಕೆಟ್ಟುನಿಂತ ಸ್ಕೂಟರನ್ನು ತಳ್ಳಿಕೊಂಡು ಹೋದಂತೆ. ಅಂಥವನ್ನು ಅವಳು ಒಂದೇ ದಿನ ಆಡಿ ಮೂಲೆಗೆ ಹಾಕಿದ್ದಾಳೆ. ಮಗಳು ಇಷ್ಟು ಉದ್ದ ಮಾತಾಡಿದ್ದನ್ನು ಕೇಳಿ ಬಹಳ ಕಾಲವಾಗಿತ್ತು. ಅರ್ಧ ಅರ್ಥವಾಗದಿದ್ದರೂ ನಾನು ತಲೆಯಾಡಿಸುತ್ತಲೇ ಇದ್ದೆ.

ಆಟದಲ್ಲಿದ್ದ ಹೀರೋಗಳನ್ನು ನಾನು ಒಬ್ಬೊಬ್ಬರನ್ನಾಗಿ ಪರೀಕ್ಷಿಸಿದೆ. ಅವರ ಇಂಗ್ಲಿಷ್ ಹೆಸರು ನಾಲಗೆಗೆ ತಿರುಗದ ಕಾರಣ ನಾನೇ ಬೇರೆ ಹೆಸರಿಟ್ಟೆ. ಒಬ್ಬ ಹಾರುತ್ತಾನೆ. ಅವನನ್ನು ಜಾಯಿಂಟ್ ಸೆಕ್ರೆಟರಿ ಎಂದು ಕರೆದೆ, ಏಕೆಂದರೆ ಅವನ ಕಾಲು ನೆಲಕ್ಕೆ ತಾಕುವುದೇ ಇಲ್ಲ. ಗುಂಡಿ ಒತ್ತಿದರೆ ಮೇಲೆ, ಇನ್ನೊಂದು ಒತ್ತಿದರೆ ಮುಂದೆ. ಮೊದಲು ಮೈ ಜುಮ್ಮೆಂದಿತು, ಕಾಲು ಗಂಟೆಯಲ್ಲಿ ಆಕಳಿಕೆ ಬಂತು. ಕೆಳಗೆ ಊರು ನಕ್ಷೆಯ ಹಾಗೆ ಬಿದ್ದುಕೊಂಡಿರುತ್ತದೆ, ನಮಗೂ ಅದಕ್ಕೂ ಸಂಬಂಧವೇ ಇಲ್ಲ. ಒಮ್ಮೆ ಮೇಲಧಿಕಾರಿಯ ಕಾರಿನಲ್ಲಿ ಫರೀದಾಬಾದಿಗೆ ಹೋಗಿ ಬಂದ ನೆನಪಾಯಿತು. ಕಪ್ಪು ಗಾಜು, ತಣ್ಣನೆಯ ಗಾಳಿ, ದಾರಿ ಹೇಗಿತ್ತೆಂದು ಇವತ್ತಿಗೂ ಗೊತ್ತಿಲ್ಲ. ಸಾಲದ್ದಕ್ಕೆ ಈ ಹಾರುವವನಿಗೆ ಆಗಾಗ ಶಕ್ತಿ ಖಾಲಿಯಾಗಿ ಎಲ್ಲಾದರೂ ಇಳಿದು ದಣಿವಾರಿಸಿಕೊಳ್ಳಬೇಕು, ಅದೂ ಜಾಯಿಂಟ್ ಸೆಕ್ರೆಟರಿಗಳ ಲಕ್ಷಣವೇ. ಇನ್ನೊಬ್ಬ ಮಿಂಚಿನಂತೆ ಓಡುತ್ತಾನೆ. ಅವನು ಹೊಸದಾಗಿ ಕೆಲಸಕ್ಕೆ ಸೇರಿದ ಅಸಿಸ್ಟೆಂಟ್. ಹೊರಟಿದ್ದು ಗೊತ್ತಾಗುವ ಮೊದಲೇ ಗೋಡೆಗೆ ಮೂತಿ ಜಜ್ಜಿಕೊಂಡಿರುತ್ತಾನೆ. ಮೂರನೆಯವನು ದೈತ್ಯ, ಒಂದೊಂದು ನೆಗೆತಕ್ಕೆ ಒಂದೊಂದು ಬೀದಿ ದಾಟುತ್ತಾನೆ, ಇಳಿದಲ್ಲೆಲ್ಲ ರಸ್ತೆ ಬಿರುಕು ಬಿಡುತ್ತದೆ. ಅವನಿಗೆ ಕಂಟ್ರಾಕ್ಟರ್ ಎಂದು ಹೆಸರಿಟ್ಟೆ. ನಮ್ಮ ಇಂದಿರಾಪುರಂನಲ್ಲಿ ಒಂದು ರಸ್ತೆಗೆ ಟಾರು ಬೀಳಲು ಎಷ್ಟು ಅರ್ಜಿ ಬೇಕೆಂದು ಬಲ್ಲ ನನಗೆ ಅಷ್ಟು ಒಳ್ಳೆಯ ರಸ್ತೆ ಒಡೆಯಲು ಮನಸ್ಸೇ ಬರಲಿಲ್ಲ. ಪಾರ್ಕು ಹುಡುಕಿ ಹುಲ್ಲಿನ ಮೇಲೇ ಇಳಿಸುತ್ತಿದ್ದೆ.

ಕೊನೆಗೆ ಉಳಿದವಳು ಒಬ್ಬ ಹೆಣ್ಣುಮಗಳು. ಅವಳಿಗೆ ಹಾರಲು ಬಾರದು, ಓಡಾಟವೂ ನಮ್ಮ ನಿಮ್ಮ ಹಾಗೆಯೇ. ಸೊಂಟದಲ್ಲಿ ಒಂದು ಹಗ್ಗ, ಅದರ ತುದಿಗೆ ಕಬ್ಬಿಣದ ಕೊಕ್ಕೆ. ಕೊಕ್ಕೆ ಬೀಸಿ ಕಟ್ಟಡದ ಅಂಚಿಗೆ ಸಿಕ್ಕಿಸಿ, ತೂಗಿ, ಕೈಬಿಟ್ಟು, ಗಾಳಿಯಲ್ಲಿ ತೇಲಿ, ಮತ್ತೆ ಬೀಸಿ, ಹೀಗೆ ಊರು ಸುತ್ತುತ್ತಾಳೆ. ನಾನು ಅವಳನ್ನು ಕೊಕ್ಕೆಯಕ್ಕ ಎಂದೆ. ಮೈತ್ರಿಗೆ ಎಲ್ಲರಿಗಿಂತ ಇಷ್ಟವಾದವಳು ಅವಳೇ. ಮಗಳ ಕೈಯಲ್ಲಿ ಕೊಕ್ಕೆಯಕ್ಕ ಹೋಗುವುದನ್ನು ನೋಡಿದರೆ, ಆ ನಗರವನ್ನು ಇವಳು ಓಡಾಡಲಿ ಎಂದೇ ಕಟ್ಟಿದ್ದಾರೆ ಅನ್ನಿಸುತ್ತಿತ್ತು. ನನ್ನ ಕೈಗೆ ಬಂದರೆ ಒಂದು ಸಲ ತೂಗಿ, ಹಿಂದಕ್ಕೆ ಬಂದು, ಮತ್ತೆ ಮುಂದಕ್ಕೆ ಹೋಗಿ, ಕ್ರಮೇಣ ನಿಂತು, ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆಯ ಹಾಗೆ ನೇತಾಡುತ್ತಿದ್ದಳು. ಕೊಕ್ಕೆಯಕ್ಕನ ತಪ್ಪೇನೂ ಇಲ್ಲ, ನಾನು ಗುಂಡಿಯ ಮೇಲಿನ ಬೆರಳು ಬಿಡುತ್ತಿರಲಿಲ್ಲ. ಬಿಟ್ಟರೆ ತಾನೇ ಮುಂದಕ್ಕೆ ಹಾರುವುದು. ಮೈತ್ರಿ ಪಕ್ಕದಲ್ಲಿ ಕೂತು, “ಛೋಡೋ ಅಪ್ಪಾ, ಬಿಡಿ, ಈಗ ಬಿಡಿ,” ಎಂದು ಅರಚುತ್ತಿದ್ದಳು. ಇನ್ನೊಂದು ಹಗ್ಗ ಕೈಗೆ ಸಿಗದೆ ಇದನ್ನು ಹೇಗೆ ಬಿಡಲಿ ಎನ್ನುವುದು ನನ್ನ ಪ್ರಶ್ನೆ. ನಮ್ಮ ಸೆಕ್ಷನ್ನಿನಲ್ಲಿ ಒಂದು ಕಡತವನ್ನು ಇನ್ನೊಬ್ಬರ ಕೈಗೆ ಕೊಡುವಾಗ ಅವರು ಸಹಿ ಹಾಕಿ ಗಟ್ಟಿಯಾಗಿ ಹಿಡಿಯುವವರೆಗೆ ಈ ಕಡೆಯ ತುದಿಯನ್ನು ಯಾರೂ ಬಿಡುವುದಿಲ್ಲ. ಎಷ್ಟೋ ಸಲ ಇಬ್ಬರೂ ಹಿಡಿದುಕೊಂಡೇ ಚಹಾ ಕುಡಿದಿದ್ದೇವೆ. ಇಷ್ಟು ವರ್ಷ ಹಾಗೆ ಪಳಗಿದ ಕೈಗೆ, ಏನೂ ಹಿಡಿಯದೆ ಗಾಳಿಯಲ್ಲಿ ಇರು ಎಂದರೆ ಹೇಗೆ ಒಪ್ಪೀತು?

ಅಂತೂ ಒಂದು ದಿನ ಮೈತ್ರಿ ನನ್ನ ಕೈಯಿಂದ ಕಂಟ್ರೋಲರನ್ನು ಮೆಲ್ಲಗೆ ತೆಗೆದುಕೊಂಡು, “ಅಪ್ಪಾ, ನೀವು ನೋಡ್ತಾ ಕೂತ್ಕೊಳ್ಳಿ, ಅಚ್ಛಾ?” ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಅದನ್ನು ಬಹಳ ಮೃದುವಾಗಿ, ಆಸ್ಪತ್ರೆಯಲ್ಲಿ ವಯಸ್ಸಾದವರಿಗೆ ಹೇಳುವ ದನಿಯಲ್ಲಿ ಹೇಳಿದಳು. ಅದೇ ವಾರ ಸೊಸೈಟಿಯ ಲಿಫ್ಟಿನಲ್ಲಿ ಚಳಿಗಾಲದ ಮೇಳದ ಜಾಹೀರಾತು ಅಂಟಿಸಿದರು. ಚಾಟ್ ಅಂಗಡಿ, ಹಾಡು ಕುಣಿತದ ಜೊತೆಗೆ ಈ ಸಲ ಹೊಸದೊಂದು, ಇದೇ ಆಟದ ಪಂದ್ಯ. ತಂದೆ ಅಥವಾ ತಾಯಿಯ ಜೊತೆ ಮಗನೋ ಮಗಳೋ ಸೇರಿ ಜೋಡಿಯಾಗಬೇಕು. ಹೊಡೆದಾಟ ಇಲ್ಲ, ಬರೀ ಓಟ. ಮಕ್ಕಳು ಅರ್ಧ ದಾರಿ ಹೋಗಿ ಕಂಟ್ರೋಲರ್ ಕೊಡಬೇಕು, ಮಿಕ್ಕರ್ಧ ದಾರಿ ದೊಡ್ಡವರು ಹೋಗಿ ಊರಿನ ಅತಿ ಎತ್ತರದ ಗೋಪುರದ ತುದಿ ಮುಟ್ಟಬೇಕು. ರಾತ್ರಿ ಊಟಕ್ಕೆ ಕೂತಾಗ ಮೈತ್ರಿ, ತಟ್ಟೆ ನೋಡುತ್ತಾ, ಜೋಡಿಗೆ ಅಮ್ಮನ ಹೆಸರು ಕೊಟ್ಟಿದ್ದೇನೆ ಎಂದಳು. ವಾಣಿ ಶಾಲೆಯಲ್ಲಿ ಗಣಿತದ ಮೇಡಂ. ಒಂದೇ ಸಂಜೆ ಕೊಕ್ಕೆಯಕ್ಕನನ್ನು ನೋಡಿ, ಹಗ್ಗ ಎಷ್ಟು ಓರೆಯಾದಾಗ ಬಿಡಬೇಕೆಂದು ಲೆಕ್ಕ ಹೇಳಿದ್ದಳು. ಬೇಳೆ ಬೇಯುವಷ್ಟು ಹೊತ್ತಿನಲ್ಲಿ ಅವಳು ಎರಡು ಬೀದಿ ದಾಟಿದ್ದೂ ನಿಜ. ಆರಿಸಿದ್ದು ನ್ಯಾಯವೇ. ಆದರೂ ಅವತ್ತು ನಾನು ಮಜ್ಜಿಗೆಯನ್ನಕ್ಕೆ ಕಾಯದೆ ತಟ್ಟೆ ಎತ್ತಿಕೊಂಡು ಎದ್ದೆ. ಪಂದ್ಯದ ಚಿಂತೆ ನನಗಿರಲಿಲ್ಲ. ಸೋಫಾದ ಆ ಜಾಗ ಹೋಯಿತಲ್ಲ ಎನ್ನುವುದು ನನ್ನ ಸಂಕಟ. ಮತ್ತೆ ‘ಹೂಂ’, ‘ಅಚ್ಛಾ’ದ ಕಾಲಕ್ಕೆ ವಾಪಸಾದೆನಲ್ಲ ಎಂದು.

ಮೇಳದ ಹಿಂದಿನ ದಿನ, ಶನಿವಾರ, ವಾಣಿ ಸ್ವೆಟರ್ ಕೊಳ್ಳಲು ನನ್ನನ್ನು ಸರೋಜಿನಿ ನಗರಕ್ಕೆ ಎಳೆದುಕೊಂಡು ಹೋದಳು. ನಾವು ಮೊದಲಿದ್ದ ಕ್ವಾರ್ಟರ್ಸನ್ನು ಕೆಡವಿ ಈಗ ಏನೇನೋ ಕಟ್ಟುತ್ತಿದ್ದಾರೆ, ಮಾರ್ಕೆಟ್ ಮಾತ್ರ ಹಾಗೇ ಇದೆ. ಅವಳು ಸ್ವೆಟರಿನ ರಾಶಿಯೊಳಗೆ ಮೊಣಕೈವರೆಗೆ ಕೈ ಹಾಕಿ, ಭಯ್ಯಾ, ಸರಿಯಾದ ರೇಟು ಹೇಳಿ ಎಂದು ಚೌಕಾಸಿಗಿಳಿದಿದ್ದಳು. ನಾನು ಪಕ್ಕದಲ್ಲಿ ರಸ್ತೆ ನೋಡುತ್ತಾ ನಿಂತಿದ್ದೆ. ಆಗ ಒಂದು ಬಸ್ಸು ಬಂತು. ಸ್ಟಾಪಿನಲ್ಲಿ ಪೂರ್ತಿ ನಿಲ್ಲಲಿಲ್ಲ, ನಿಲ್ಲುವ ಶಾಸ್ತ್ರ ಮಾಡಿ ಹೊರಟಿತು. ಒಬ್ಬ ವಿದ್ಯಾರ್ಥಿ ಅದರ ಜೊತೆಗೇ ನಾಲ್ಕು ಹೆಜ್ಜೆ ಓಡಿ, ಬಾಗಿಲ ಸರಳು ಹಿಡಿದು, ಸುಯ್ಯೆಂದು ತೂಗಿ ಒಳಗೆ ಹೋದ. ನೋಡಿಕೊಂಡರೆ ನನ್ನ ಬಲಗೈ ಸ್ವೆಟರ್ ನೇತುಹಾಕಿದ ಕೋಲನ್ನು ಬಿಗಿಯಾಗಿ ಹಿಡಿದುಕೊಂಡಿದೆ, ಒಂದು ಕಾಲು ಆಗಲೇ ಮುಂದಕ್ಕೆ ಹೋಗಿದೆ. ಅಂಗಡಿಯವನು ಗಾಬರಿಯಾಗಿ ಕೋಲಿನ ಇನ್ನೊಂದು ತುದಿ ಹಿಡಿದುಕೊಂಡ.

ನಾನು ಊರು ಬಿಟ್ಟು ದೆಹಲಿಗೆ ಬಂದಾಗ ಇಲ್ಲಿ ಮೆಟ್ರೋ ಇರಲಿಲ್ಲ. ಖಾಸಗಿ ಬಸ್ಸುಗಳ ಕಾಲ. ಅವು ಯಾರಿಗಾಗಿಯೂ ನಿಲ್ಲುತ್ತಿರಲಿಲ್ಲ, ಕೊಂಚ ನಿಧಾನ ಮಾಡಿದ್ದೇ ದೊಡ್ಡ ಉಪಕಾರ. ಕಂಡಕ್ಟರ್ ಬಸ್ಸಿನ ಮೈಗೆ ದಬದಬ ಬಡಿದು ‘ಚಲೋ ಚಲೋ’ ಎನ್ನುವಷ್ಟರಲ್ಲಿ ಹತ್ತುವವರು ಹತ್ತಬೇಕು, ಇಳಿಯುವವರು ಇಳಿಯಬೇಕು. ಮೊದಲ ವಾರ ನನಗೆ ಹತ್ತಲು ಬರುತ್ತಿರಲಿಲ್ಲ, ಹತ್ತಿದರೆ ಇಳಿಯಲು ಬರುತ್ತಿರಲಿಲ್ಲ. ಕಚೇರಿಯ ಸ್ಟಾಪಿನಲ್ಲಿ ಇಳಿಯಲಾಗದೆ ಕೊನೆಯ ನಿಲ್ದಾಣದವರೆಗೆ ಹೋಗಿ ನಡೆದುಕೊಂಡು ಬಂದಿದ್ದೂ ಉಂಟು. ಆಗ ನನಗೆ ವಿದ್ಯೆ ಹೇಳಿಕೊಟ್ಟವರು ನಮ್ಮ ಸೆಕ್ಷನ್ನಿನ ಹಿರಿಯರು, ಧಾರವಾಡದ ಕುಲಕರ್ಣಿಯವರು. ಪಕ್ಕದ ಕ್ವಾರ್ಟರ್ಸಿನಲ್ಲೇ ಇದ್ದರು. ಭಾರಿ ಆಳು, ದೊಡ್ಡ ಹೊಟ್ಟೆ, ಆದರೆ ಓಡುವ ಬಸ್ಸಿನಿಂದ ಅವರು ಇಳಿಯುತ್ತಿದ್ದ ಚೆಂದವೇ ಬೇರೆ. ಬಸ್ಸಿನ ಮುಖ ಎತ್ತಲೋ ನಿನ್ನ ಮುಖವೂ ಅತ್ತಲೇ ಇರಬೇಕು, ಬಸ್ಸಿನ ವೇಗ ನಿನ್ನ ಮೈಯಲ್ಲಿ ತುಂಬಿಕೊಂಡಿದ್ದು ಗೊತ್ತಾದಾಗ ಸರಳು ಬಿಡಬೇಕು, ಬಿಟ್ಟ ಮೇಲೆ ಆ ವೇಗವನ್ನು ಓಡಿ ಖರ್ಚು ಮಾಡಬೇಕು ಎಂದು ತಿಳಿಸಿ ಹೇಳಿದರು. ಕಡೆಗೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. “ಕೈ ಬಿಡೂದಕ್ಕ ಅಂಜಬ್ಯಾಡೋ ತಮ್ಮಾ. ಇಳದ ಮ್ಯಾಲ ನಿಂತಿ ಅಂದ್ರ ಬಿದ್ದಿ.” ಒಂದು ತಿಂಗಳೊಳಗೆ ನಾನು ಅವರ ಪಟ್ಟಶಿಷ್ಯನಾದೆ. ಒಂದು ಕೈಯಲ್ಲಿ ಸರಳು, ಇನ್ನೊಂದರಲ್ಲಿ ಡಬ್ಬಿ, ಮುಖಕ್ಕೆ ಬಡಿಯುವ ಗಾಳಿ. ಇಂಡಿಯಾ ಗೇಟಿನ ಬಳಿ ಬಸ್ಸು ಹೊರಳುವಾಗ ಮೈ ಹೊರಕ್ಕೆ ವಾಲಿದರೆ, ಈ ಊರು ನನ್ನದೇ ಅನ್ನಿಸುತ್ತಿತ್ತು. ಆಮೇಲೆ ಮೆಟ್ರೋ ಬಂತು. ತಾನಾಗಿ ತೆರೆಯುವ ಬಾಗಿಲು, ಎಚ್ಚರಿಕೆ ಹೇಳುವ ದನಿ. ಆ ವಿದ್ಯೆ ಬೇಡವಾಯಿತು, ನಾನು ನಿಧಾನದ ಮನುಷ್ಯನಾದೆ.

ಸರೋಜಿನಿ ನಗರದ ಆ ರಸ್ತೆಯಲ್ಲಿ ನನಗೆ ತಟ್ಟನೆ ಹೊಳೆದದ್ದು ಇಷ್ಟೇ: ಕೊಕ್ಕೆಯಕ್ಕನ ಹಗ್ಗವೂ ಬಸ್ಸಿನ ಸರಳೂ ಒಂದೇ. ನಾನು ಇಷ್ಟು ದಿನ ಅದನ್ನು ಕಡತ ಎಂದುಕೊಂಡಿದ್ದೆ. ಬೇಗ ನಡಿ, ಮನೆಗೆ ಹೋಗೋಣ ಎಂದು ನಾನು ವಾಣಿಯನ್ನು ಅವಸರಪಡಿಸಿದಾಗ ಅವಳು ನನ್ನ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡಿದಳು. ಮನೆಗೆ ಬಂದರೆ ಮೈತ್ರಿ ಇರಲಿಲ್ಲ. ನಾನೇ ಟಿವಿ ಹಾಕಿ, ಕೊಕ್ಕೆಯಕ್ಕನನ್ನು ಕರೆದು, ಕಣ್ಣನ್ನು ಅರೆಮುಚ್ಚಿಕೊಂಡು ಕುಲಕರ್ಣಿಯವರನ್ನು ನೆನೆದೆ. ಕೊಕ್ಕೆ ಬೀಸಿದೆ. ತೂಗುತ್ತಾ ಕೆಳಗೆ ಬಂದಳು, ಮೇಲೇರತೊಡಗಿದಳು, ವೇಗ ಮೈತುಂಬಿತು ಅನ್ನಿಸಿದಾಗ ಬಿಟ್ಟೆ. ಅಯ್ಯೋ, ಅದನ್ನು ಏನೆಂದು ಹೇಳಲಿ! ಅವಳು ರಸ್ತೆಯ ಮೇಲೆ ಬಿಲ್ಲಿನಂತೆ ಬಾಗಿ ಹಾರಿದಳು, ನಾನು ಸೋಫಾದ ಮೇಲೆ ಹಾರಿದೆ. ಕೆಳಗೆ ಬೀಳುವಷ್ಟರಲ್ಲಿ ಮತ್ತೆ ಬೀಸಿದೆ, ಸಿಕ್ಕಿತು. ಮತ್ತೆ ಬಿಟ್ಟೆ. ಬೀದಿ ಮೇಲೆ ಬೀದಿ, ಸೇತುವೆ, ನದಿಯ ದಂಡೆ. ಎಲ್ಲೋ ಆ ದುಷ್ಟ ಬ್ಯಾಂಕು ದೋಚುತ್ತಿದ್ದ, ದೋಚಿಕೊಳ್ಳಲಿ ಎಂದು ಅವನ ತಲೆಯ ಮೇಲೇ ದಾಟಿ ಹೋದೆ. ಮಗಳ ಸಿದ್ಧಾಂತ ನನಗೆ ಅರ್ಥವಾಗಿದ್ದು ಆ ಗಳಿಗೆಯಲ್ಲಿ. ಹಾರುವವನಿಗೆ ಇದು ಸಿಗುವುದಿಲ್ಲ, ಏಕೆಂದರೆ ಅವನು ಬೀಳುವುದೇ ಇಲ್ಲ. ಬಾಗಿಲ ಬಳಿ ಸದ್ದಾಗಿ ತಿರುಗಿ ನೋಡಿದರೆ ಮೈತ್ರಿ ಚಪ್ಪಲಿ ಬಿಡುವುದನ್ನೂ ಮರೆತು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಸೀದಾ ಅಡುಗೆಮನೆಗೆ ಹೋಗಿ ಅಮ್ಮನ ಕಿವಿಯಲ್ಲಿ ಏನೋ ಹೇಳಿದಳು. ವಾಣಿ ಸೌಟು ಹಿಡಿದುಕೊಂಡೇ ಹೊರಗೆ ಬಂದು, ಭಾನುವಾರವೂ ಕೋನ ಅಳೆಯುವ ಕರ್ಮ ನನಗೆ ಬೇಡ, ನೀವೇ ಹೋಗಿ ಎಂದಳು. ಅವಳ ಮುಖದ ಮೇಲಿನ ನಗು ನೋಡಿದರೆ, ಅವಳು ಇದಕ್ಕೇ ಕಾಯುತ್ತಿದ್ದಳು ಎಂಬ ಗುಮಾನಿ ನನಗೆ.

ಭಾನುವಾರ ಕ್ಲಬ್ ಹಾಲು ಕಿಕ್ಕಿರಿದಿತ್ತು. ಹೊರಗಿನ ಚಳಿಗೆ ಹೆದರಿ, ಟಿಕ್ಕಿ ತಿನ್ನಲು ಬಂದವರೂ ತಟ್ಟೆ ಸಮೇತ ಒಳಗೆ ಸೇರಿದ್ದರು. ಒಂದೊಂದೇ ಜೋಡಿ ಸೋತು, ಕೊನೆಯ ಸುತ್ತಿಗೆ ಉಳಿದವರು ನಾವು ಮತ್ತು ಗುಪ್ತಾಜಿ. ಗುಪ್ತಾಜಿ ದೊಡ್ಡ ಖಾಸಗಿ ಕಂಪನಿಯಲ್ಲಿದ್ದಾರೆ, ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ಸರ್ಕಾರಿ ಕೆಲಸ ಎಂದರೆ ಆರಾಮವೇ ಆರಾಮ ಎಂದು ನಗುವವರು. ಅವರೂ ಅವರ ಮಗಳೂ ಆರಿಸಿದ್ದು ಹಾರುವ ಜಾಯಿಂಟ್ ಸೆಕ್ರೆಟರಿಯನ್ನು. ನಮ್ಮ ಕೊಕ್ಕೆಯಕ್ಕನನ್ನು ನೋಡಿ ಅವರು, ಮೂರ್ತಿಜಿ, ಹಗ್ಗ ಹಿಡಿದು ಎಲ್ಲಿಗೆ ಹೊರಟಿರಿ ಎಂದು ಕೇಳಿದರು. ಸುತ್ತಲಿನವರು ನಕ್ಕರು. ಮೈತ್ರಿ ನನ್ನ ಕಿವಿಯಲ್ಲಿ ಒಂದೇ ಎಚ್ಚರಿಕೆ ಹೇಳಿದ್ದಳು. ಗೋಪುರಕ್ಕೆ ಮುಂಚೆ ಒಂದು ದೊಡ್ಡ ಬಯಲು ಬರುತ್ತದೆ, ನಡುವೆ ರಸ್ತೆ, ಆಚೆ ಫ್ಲೈಓವರು. ಅಲ್ಲಿ ಕಟ್ಟಡವೂ ಇಲ್ಲ, ಕಂಬವೂ ಇಲ್ಲ, ಕೊಕ್ಕೆ ಹಾಕಲು ಏನೂ ಸಿಗುವುದಿಲ್ಲ. ಅಲ್ಲಿ ಹಾರುವವರು ಮುಂದೆ ಹೋಗಿಬಿಡುತ್ತಾರೆ, ನೀವು ಸುಮ್ಮನೆ ಓಡಿ ಎಂದಿದ್ದಳು.

ಮೈತ್ರಿ ತನ್ನ ಅರ್ಧವನ್ನು ಸೊಗಸಾಗಿ ಮುಗಿಸಿ, ಒಂದು ಬೀದಿಯಷ್ಟು ಮುಂದಿರುವಾಗ ಕಂಟ್ರೋಲರನ್ನು ನನ್ನ ಕೈಗಿಟ್ಟಳು. ನಾನು ಮೊದಲ ಎಸೆತದಲ್ಲೇ ಗುರಿ ತಪ್ಪಿ ಚರಂಡಿಗೆ ಬಿದ್ದೆ. ಎದ್ದು ಹಗ್ಗ ಬೀಸಿ ಸುಧಾರಿಸಿಕೊಳ್ಳುವಷ್ಟರಲ್ಲಿ ಗುಪ್ತಾಜಿ ತಲೆಯ ಮೇಲಿಂದ ಹಾರಿ ಹೋಗಿದ್ದರು. ಮೈತ್ರಿ ನನ್ನ ತೋಳು ಹಿಡಿದುಕೊಂಡಳು. ತೂಗಿ, ಬಿಟ್ಟು, ತೂಗಿ, ಬಿಟ್ಟು ಬಯಲಿನ ಅಂಚಿಗೆ ಬಂದೆ. ಅವಳು ಹೇಳಿದ್ದು ನಿಜ, ಮುಂದೆ ಖಾಲಿ ಆಕಾಶ. ಕೊಕ್ಕೆಯಕ್ಕ ಪಾಪ ರಸ್ತೆಗಿಳಿದು ಓಡತೊಡಗಿದಳು. ಅಷ್ಟರಲ್ಲಿ ಹಿಂದಿನಿಂದ ಒಂದು ಬಸ್ಸು ಬಂತು. ಆಟ ಕಟ್ಟಿದವರು ಊರು ಭರ್ತಿಯಾಗಿ ಕಾಣಲಿ ಎಂದು ಬಿಟ್ಟ ಬಸ್ಸುಗಳಲ್ಲಿ ಒಂದು, ಯಾರಿಗಾಗಿಯೂ ನಿಲ್ಲದ ಬಸ್ಸು. ಅದನ್ನು ಕಂಡದ್ದೇ ತಡ, ನನಗೆ ಇಂದಿರಾಪುರಂ ಮರೆತುಹೋಯಿತು, ಟಿಕ್ಕಿ ತಿನ್ನುತ್ತಿದ್ದ ಜನ ಮರೆತುಹೋದರು, ಮಂಡಿನೋವೂ ಮರೆತುಹೋಯಿತು. ಬಸ್ಸಿನ ಜೊತೆಗೇ ನಾಲ್ಕು ಹೆಜ್ಜೆ ಓಡಿಸಿ, ಕೊಕ್ಕೆ ಬೀಸಿ, ಅದರ ಬೆನ್ನಿಗೆ ಸಿಕ್ಕಿಸಿದೆ.

ಹಾಲಿನಲ್ಲಿ ಮೊದಲು ನಗೆ ಎದ್ದಿತು. ಸೂಪರ್‌ಹೀರೋ ಬಸ್ಸಿಗೆ ಜೋತುಬಿದ್ದು ಹೋಗುವುದನ್ನು ಅವರು ಯಾವ ಆಟದಲ್ಲೂ ಕಂಡಿರಲಿಲ್ಲ. ಬಸ್ಸಿಗೂ ಕೊಕ್ಕೆ ಸಿಕ್ಕಿಕೊಳ್ಳುತ್ತದೆಂದು ಮೈತ್ರಿಗೂ ಗೊತ್ತಿರಲಿಲ್ಲ. ಮರುಕ್ಷಣ ನಗು ನಿಂತಿತು, ಏಕೆಂದರೆ ಬಸ್ಸು ಬಯಲನ್ನು ಸೀಳಿಕೊಂಡು ನುಗ್ಗಿತು, ಕೊಕ್ಕೆಯಕ್ಕ ಅದರ ಹಿಂದೆ ಗಾಳಿಯಲ್ಲಿ ಪಟಪಟಿಸುತ್ತಾ ಹೊರಟಳು. ಬಸ್ಸು ಫ್ಲೈಓವರಿನ ಏರು ಹತ್ತಿತು. “ಅಪ್ಪಾ, ಈಗ?” ಎಂದಳು ಮೈತ್ರಿ. ಇನ್ನೂ ಇಲ್ಲ ಎಂದೆ. ಏರು ಮುಗಿಯುವ ತುದಿ ಬಂತು. ವೇಗವೆಲ್ಲ ನನ್ನ ಮೈಯಲ್ಲಿ ತುಂಬಿತ್ತು, ಹಾಗೆಂದು ಆಣೆ ಮಾಡಿ ಹೇಳುತ್ತೇನೆ. ಬೆರಳು ಬಿಟ್ಟೆ. ಕೊಕ್ಕೆಯಕ್ಕ ಫ್ಲೈಓವರಿನ ನೆತ್ತಿಯಿಂದ ಚಿಮ್ಮಿ, ಕೆಳಗೆ ಪೆಟ್ರೋಲ್ ಬಂಕಿನ ಮಾಡಿನ ಮೇಲೆ ಶಕ್ತಿ ಖಾಲಿಯಾಗಿ ದಣಿವಾರಿಸಿಕೊಳ್ಳುತ್ತಿದ್ದ ಗುಪ್ತಾಜಿಯ ಜಾಯಿಂಟ್ ಸೆಕ್ರೆಟರಿಯನ್ನು ದಾಟಿ, ಗೋಪುರದ ಅಂಚಿಗೆ ಕೊಕ್ಕೆ ಹಾಕಿದಳು. ಅಲ್ಲಿ ನಿಂತು ಉಸಿರೆಳೆದುಕೊಳ್ಳೋಣ ಅನ್ನಿಸಿತು. ನಿಂತಿ ಅಂದ್ರ ಬಿದ್ದಿ ಎಂದರು ಕುಲಕರ್ಣಿಯವರು. ನಿಲ್ಲಲಿಲ್ಲ. ತೂಗಿ, ಬಿಟ್ಟು, ಏರಿ, ತುದಿ ಮುಟ್ಟಿದೆ.

ಆಮೇಲಿನ ಗಲಾಟೆಯನ್ನು ನಾನೇ ವರ್ಣಿಸಿದರೆ ಜಂಬವಾಗುತ್ತದೆ, ಆದರೂ ವರ್ಣಿಸುತ್ತೇನೆ. ಪರಿಚಯವೇ ಇಲ್ಲದವರು ಬೆನ್ನು ತಟ್ಟಿದರು. ವಾಣಿ ಶಾಲೆಯ ಶಿಸ್ತೆಲ್ಲ ಮರೆತು ಸಿಳ್ಳೆ ಹಾಕಿದಳು, ಅವಳಿಗೆ ಸಿಳ್ಳೆ ಹಾಕಲು ಬರುತ್ತದೆಂದು ಮದುವೆಯಾಗಿ ಇಷ್ಟು ವರ್ಷದ ಮೇಲೆ ತಿಳಿಯಿತು. ಗುಪ್ತಾಜಿ ಬಂದು ಕೈ ಕುಲುಕಿ, ಬಸ್ಸು ಹಿಡಿಯುವುದು ನಿಯಮದಲ್ಲಿ ಇದೆಯೇ ಎಂದು ವಿಚಾರಿಸಿದರು. ಹಿಡಿಯಬಾರದೆಂದು ಎಲ್ಲೂ ಬರೆದಿಲ್ಲ ಎಂದೆ, ನಿಯಮದ ವಿಷಯದಲ್ಲಿ ಕೇಂದ್ರ ಸರ್ಕಾರದವರ ಜೊತೆ ವಾದಿಸಬಾರದು. ಹಿಡಿದದ್ದನ್ನು ಬಿಡುವುದರ ಬಗ್ಗೆ ಇಲ್ಲೊಂದು ತತ್ತ್ವ ಹೇಳಬೇಕೆಂದು ಬಾಯಿ ತುರಿಸುತ್ತಿದೆ. ನಿವೃತ್ತಿಗೆ ಇನ್ನೂ ಸಮಯವಿದೆ, ತತ್ತ್ವವೆಲ್ಲ ಆಗ. ನನಗೆ ನಿಜವಾಗಿ ಬೇಕಾಗಿದ್ದದ್ದು ಮನೆಗೆ ನಡೆದು ಬರುವಾಗ ಸಿಕ್ಕಿತು. ಮೈತ್ರಿ ನನ್ನ ತೋಳು ಬಿಟ್ಟಿರಲಿಲ್ಲ. ಹಿಂದಿ ಇಲ್ಲ, ಇಂಗ್ಲಿಷ್ ಇಲ್ಲ, ಅಚ್ಚ ಕನ್ನಡದಲ್ಲಿ ಕೇಳಿದಳು: “ಅಪ್ಪಾ, ನೀವು ಇದನ್ನೆಲ್ಲ ಎಲ್ಲಿ ಕಲಿತಿರಿ?” ನಾನು ಕುಲಕರ್ಣಿಯವರಿಂದ ಶುರುಮಾಡಿದೆ. ಲಿಫ್ಟು ನಮ್ಮ ಮಹಡಿಗೆ ಬಂದರೂ ಕಥೆ ಇಂಡಿಯಾ ಗೇಟು ಮುಟ್ಟಿರಲಿಲ್ಲ.

ಸೋಮವಾರ ಬೆಳಿಗ್ಗೆ ಎಂದಿನಂತೆ ಇ-ರಿಕ್ಷಾ, ಎಂದಿನಂತೆ ವೈಶಾಲಿ. ಆದರೆ ಪ್ಲಾಟ್‌ಫಾರಂ ಮೇಲೆ ಮೈತ್ರಿ ಹೆಂಗಸರ ಬೋಗಿಯ ಕಡೆಗೆ ತಿರುಗಲಿಲ್ಲ. ನನ್ನ ಜೊತೆಗೇ ನಡೆದು, ಸಾಮಾನ್ಯ ಬೋಗಿಯ ನೂಕುನುಗ್ಗಲಿನಲ್ಲಿ ನನ್ನ ಪಕ್ಕದಲ್ಲೇ ನಿಂತು, ಇಯರ್‌ಫೋನನ್ನು ಚೀಲಕ್ಕೆ ಹಾಕಿ, ಹೂಂ, ಆಮೇಲೆ ಕಂಡಕ್ಟರ್ ಏನಂದ ಎಂದಳು. ಅದೂ ‘ಹೂಂ’ ಎಂದೇ ಶುರುವಾಗಿದ್ದು, ಆದರೆ ಇದು ಬೇರೆ ‘ಹೂಂ’. ನಾನು ಯಮುನೆ ದಾಟುವವರೆಗೆ ಎರಡು ಬಸ್ಸು ಹತ್ತಿದೆ, ಒಂದರಿಂದ ಇಳಿದೆ. ಸುತ್ತಲಿನ ನಾಲ್ಕಾರು ಜನರೂ, ಭಾಷೆ ತಿಳಿಯದಿದ್ದರೂ, ನನ್ನ ಕೈಬಾಯಿ ನೋಡಿ ಕಿವಿಗೊಟ್ಟಿದ್ದರು. ಓಡುವ ಬಸ್ಸಿನ ಸರಳು ಹೇಗೆ ಬಿಡಬೇಕೆಂದು ನಾನು ಅಭಿನಯಿಸಿ ತೋರಿಸಲು ಹೊರಟ ಹೊತ್ತಿಗೇ ರಾಜೀವ್ ಚೌಕ್ ಬಂದು ರೈಲು ಬ್ರೇಕ್ ಹಾಕಿತು. ಕೂಡಲೇ ನಾನು ಕಂಬವನ್ನು ತಬ್ಬಿಕೊಂಡೆ. ಬಾಗಿಲು ತೆರೆಯಿತು, ಜನ ನುಗ್ಗಿದರು, ಹಿಂದಿನಿಂದ ಯಾರೋ, “ಅಂಕಲ್, ಛೋಡಿಯೇ, ಉತರ್‌ನಾ ಹೈ,” ಎಂದರು. ಅವರಿಗೆ ಇಳಿಯಬೇಕು, ನಮಗೂ ಇಳಿಯಬೇಕು, ನನ್ನ ಕೈ ಮಾತ್ರ ಕಂಬ ಬಿಡಲು ಒಪ್ಪದು. ಮೈತ್ರಿ ನಗು ತಡೆದುಕೊಂಡು ನನ್ನ ಕಿವಿಯ ಹತ್ತಿರ ಬಗ್ಗಿ, “ಅಪ್ಪಾ, ಬಿಡಿ,” ಎಂದಳು.

ಬಿಟ್ಟೆ. ಅವಳ ಬ್ಯಾಗಿನ ಪಟ್ಟಿಯನ್ನು ಇನ್ನೊಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡ ಮೇಲೆಯೇ ಬಿಟ್ಟೆ.